ಬ್ರೇಕ್ ತಂತಿಯ ಗಿಟಾರು, ಗಾಳದ ದಾರದ ಕೊರಾ

ಎಣ್ಣೆಯ ಖಾಲಿ ಡಬ್ಬಿ, ಒಂದು ಕೋಲು, ಸೈಕಲ್ ಬ್ರೇಕಿನ ತಂತಿ. ಸಹಾರಾ ಮರುಭೂಮಿಯ ನಿರಾಶ್ರಿತ ಹುಡುಗನೊಬ್ಬ ಈ ಮೂರನ್ನೂ ಜೋಡಿಸಿ ತನ್ನ ಮೊದಲ ಗಿಟಾರು ಮಾಡಿಕೊಂಡ. ಹೆಸರು ಇಬ್ರಾಹಿಂ ಅಗ್ ಅಲ್ಹಬೀಬ್. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಉತ್ತರ ಭಾಗದವನು, ಒಂಟೆ-ಆಡು ಮೇಯಿಸುತ್ತ ಅಲೆಯುವ ತುವಾರೆಗ್ ಸಮುದಾಯದವನು. 1963ರ ತುವಾರೆಗ್ ದಂಗೆಯ ಹೊತ್ತಿನಲ್ಲಿ ಸರ್ಕಾರದ ಸೈನಿಕರು ಅವನ ಅಪ್ಪನನ್ನು ಕೊಂದಾಗ ಅವನಿನ್ನೂ ಎಳೆಯ ಮಗು. ಗಡಿ ದಾಟಿ ಅಲ್ಜೀರಿಯಾ ಸೇರಿದ ಕುಟುಂಬದ ಜೊತೆ ಬೆಳೆದ. ಯಾವುದೋ ಸಿನಿಮಾದಲ್ಲಿ ಕೌಬಾಯ್ ಒಬ್ಬ ಗಿಟಾರು ನುಡಿಸುವುದನ್ನು ಕಂಡಿದ್ದೇ ಅವನಿಗೆ ಸಿಕ್ಕ ಸಂಗೀತ ಪಾಠ.

ಆ ಹುಡುಗ ಮತ್ತು ಅವನ ಗೆಳೆಯರು 1979ರ ಸುಮಾರಿಗೆ ತಮನ್‌ರಾಸೆಟ್ ಎಂಬ ಮರುಭೂಮಿಯ ಪಟ್ಟಣದಲ್ಲಿ ಕಟ್ಟಿದ ತಂಡವೇ ತಿನಾರಿವೆನ್. ಅವರ ತಮಾಶೆಕ್ ಭಾಷೆಯಲ್ಲಿ ಆ ಹೆಸರಿಗೆ ಮರುಭೂಮಿಗಳು ಎಂದರ್ಥ. ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 2012ರಲ್ಲಿ, ‘ತಸ್ಸಿಲಿ’ ಆಲ್ಬಮ್ಮಿಗಾಗಿ ಆ ತಂಡ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಪ್ರಶಸ್ತಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೂ ಹಿಂದಿನ ಸಂಗತಿ. ಶುರುವಿನ ವರ್ಷಗಳಲ್ಲಿ ಅವರ ಬಳಿ ಮಾರುವುದಕ್ಕೆ ರೆಕಾರ್ಡುಗಳೇ ಇರಲಿಲ್ಲ. ಯಾರಾದರೂ ಖಾಲಿ ಕ್ಯಾಸೆಟ್ ತಂದರೆ ಕಾಸು ಕೇಳದೆ ಹಾಡಿ ತುಂಬಿಸಿ ಕೊಡುತ್ತಿದ್ದರು. ಆ ಕ್ಯಾಸೆಟ್ಟಿನಿಂದ ಇನ್ನೊಂದು, ಅದರಿಂದ ಮತ್ತೊಂದು. ಹೀಗೆ ಹಾಡು ಜೀಪುಗಳಲ್ಲಿ, ಒಂಟೆಗಳ ಮೇಲೆ, ದೇಶದ ಗಡಿಗಳನ್ನು ಕೇಳದೆ ಸಹಾರಾ ತುಂಬ ಹರಡಿತು.

ಆಫ್ರಿಕಾದ ಈ ಕಾಲದ ಸಂಗೀತ ಎಂದರೆ ನಮ್ಮ ಮಕ್ಕಳಿಗೆ ನೈಜೀರಿಯಾದ ರೇಮಾ ಹಾಡಿದ ‘ಕಾಮ್ ಡೌನ್’ ಗೊತ್ತು, ದಕ್ಷಿಣ ಆಫ್ರಿಕಾದ ಟೈಲಾ ಅವರ ‘ವಾಟರ್’ ಗೊತ್ತು. ಮದುವೆ ಮನೆಯ ಡಿಜೆಗೂ ಗೊತ್ತು. ಒಳ್ಳೆಯದೇ. ಲಾಗೋಸಿನ ಆಫ್ರೋಬೀಟ್ಸ್, ಜೊಹಾನೆಸ್‌ಬರ್ಗಿನ ಆಮಾಪಿಯಾನೊ ಇಂದು ಇಡೀ ಜಗತ್ತನ್ನು ಕುಣಿಸುತ್ತಿವೆ. ಅವುಗಳಿಗೆ ನನ್ನ ಪರಿಚಯ ಪತ್ರ ಬೇಕಿಲ್ಲ. ನಾನು ಓದುಗರನ್ನು ಕರೆದೊಯ್ಯಬೇಕೆಂದಿರುವುದು ಖಂಡದ ಇನ್ನೊಂದು ಮೂಲೆಗೆ, ಸಹಾರಾದ ದಕ್ಷಿಣ ಅಂಚಿನಲ್ಲಿ ನೈಜರ್ ನದಿಯ ಬಳುಕಿಗೆ ಅಂಟಿಕೊಂಡಿರುವ ತಂತಿವಾದ್ಯಗಳ ಸೀಮೆಗೆ. ಶ್ರುತಿ ಹಿಡಿದು ಕೂತು, ಒಂದೇ ರಾಗದ ನಿಧಾನದ ಬಿಚ್ಚುವಿಕೆಯನ್ನು ಗಂಟೆಗಟ್ಟಲೆ ಕೇಳುವ ಕಿವಿ ನಮ್ಮಲ್ಲಿ ಅನೇಕರಿಗಿದೆ. ಆ ಕಿವಿಗೆ ಈ ಸಂಗೀತ ಮೊದಲ ರಾತ್ರಿಯೇ ಒಗ್ಗುತ್ತದೆ ಎಂಬುದು ನನ್ನ ಅನುಭವ.

ಆ ಸೀಮೆಯ ರಾಣಿ ಕೊರಾ. ನಮ್ಮ ತಂಬೂರಿಗೆ ಬಳಸುವಂಥ ಒಣಗಿದ ಬುರುಡೆ, ಆದರೆ ಅದಕ್ಕಿಂತ ದೊಡ್ಡದು. ಅದನ್ನು ಅರ್ಧಕ್ಕೆ ಸೀಳಿ, ಬಾಯಿಗೆ ಹಸುವಿನ ಚರ್ಮ ಬಿಗಿದು, ಉದ್ದನೆಯ ಮರದ ದಂಡ ತೂರಿಸುತ್ತಾರೆ. ತಂತಿಗಳು ಇಪ್ಪತ್ತೊಂದು. ಹಿಂದೆ ಜಿಂಕೆ ಜಾತಿಯ ಪ್ರಾಣಿಯ ಚರ್ಮವನ್ನು ಎಳೆಯಾಗಿ ಸೀಳಿ ಹೊಸೆದು ತಂತಿ ಮಾಡುತ್ತಿದ್ದರು. ಈಗ ಮೀನು ಹಿಡಿಯುವ ಗಾಳದ ನೈಲಾನ್ ದಾರ. ನುಡಿಸುವವರು ಬುರುಡೆಯನ್ನು ತಮ್ಮೆದುರು ನಿಲ್ಲಿಸಿಕೊಂಡು, ಎರಡು ಹಿಡಿಕೋಲುಗಳನ್ನು ಮೂರು ಮೂರು ಬೆರಳಲ್ಲಿ ಹಿಡಿದು, ಉಳಿದ ಎರಡು ಹೆಬ್ಬೆರಳು, ಎರಡು ತೋರುಬೆರಳುಗಳಲ್ಲೇ ಎಲ್ಲವನ್ನೂ ನುಡಿಸಬೇಕು. ಹೆಬ್ಬೆರಳುಗಳು ಕೆಳಗಿನ ಸ್ವರಗಳಲ್ಲಿ ಮತ್ತೆ ಮತ್ತೆ ಸುತ್ತಿ ಬರುವ ಆವರ್ತ ಕಟ್ಟುತ್ತವೆ. ಅದಕ್ಕೆ ಕುಂಬೆಂಗೊ ಎನ್ನುತ್ತಾರೆ. ಅದರ ಮೇಲೆ ತೋರುಬೆರಳುಗಳಿಂದ ಮಳೆಹನಿಯಂತೆ ಉದುರುವ ಸ್ವರಗಳ ಸರಣಿ ಬಿರಿಮಿಂಟಿಂಗೊ. ಕಣ್ಣು ಮುಚ್ಚಿ ಕೇಳಿದರೆ ಮೂವರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಕಣ್ಣು ಬಿಟ್ಟರೆ ಒಬ್ಬರೇ ಇರುತ್ತಾರೆ.

ಈ ವಾದ್ಯ ಎಲ್ಲರ ಕೈಗೂ ಬರುತ್ತಿರಲಿಲ್ಲ. ಮಾಂಡೆ ಜನರಲ್ಲಿ ಜೆಲಿ ಎಂಬ ಕುಲವಿದೆ, ಫ್ರೆಂಚರು ಗ್ರಿಯೊ ಎಂದು ಕರೆದರು. ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಮನೆಮನೆಯ ವಂಶಾವಳಿ ಹೇಳುವ ಹೆಳವರನ್ನು ಕಂಡವರಿಗೆ ಜೆಲಿ ಯಾರೆಂದು ವಿವರಿಸುವುದು ಕಷ್ಟವಲ್ಲ. ಹದಿಮೂರನೇ ಶತಮಾನದಲ್ಲಿ ಸುಂಜಾಟ ಕೇಯ್ತ ಕಟ್ಟಿದ ಮಾಲಿ ಸಾಮ್ರಾಜ್ಯದ ಕಥೆ, ರಾಜರ ವಂಶ, ಊರುಗಳ ಹಗೆ-ಗೆಳೆತನ, ಯಾರ ಮುತ್ತಾತ ಯಾರಿಗೆ ಮಾತು ಕೊಟ್ಟಿದ್ದ ಎಂಬ ಲೆಕ್ಕ, ಇವೆಲ್ಲವನ್ನೂ ಜೆಲಿಗಳು ಹಾಡಿನಲ್ಲಿ ಹೊತ್ತು ತಂದರು. ಕುಯಾತೆ, ಜಬಾತೆ, ಸಿಸ್ಸೊಕೊ ಮುಂತಾದ ಮನೆತನದ ಹೆಸರು ಕೇಳಿದರೆ ಅಲ್ಲಿ ಇವತ್ತಿಗೂ ಜೆಲಿ ಎಂದು ಗುರುತಿಸುತ್ತಾರೆ.

ತುಮಾನಿ ಜಬಾತೆ ಅಂಥ ಮನೆಯಲ್ಲಿ 1965ರಲ್ಲಿ ಮಾಲಿಯ ರಾಜಧಾನಿ ಬಮಾಕೊದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಪೋಲಿಯೊ ತಗಲಿ ಊರುಗೋಲು ಹಿಡಿದರು. ಅಪ್ಪ ಸಿದಿಕಿ ಜಬಾತೆ ಪಶ್ಚಿಮ ಆಫ್ರಿಕಾಕ್ಕೆಲ್ಲ ಹೆಸರಾದ ಕೊರಾ ವಾದಕ, ಆದರೆ ಸದಾ ಊರೂರು ತಿರುಗಾಟ. ಮಗ ಎದುರು ಕೂತು ಪಾಠ ಹೇಳಿಸಿಕೊಂಡದ್ದಕ್ಕಿಂತ ಕೇಳಿ ಕೇಳಿ ಕಲಿತದ್ದೇ ಹೆಚ್ಚು. 1970ರಲ್ಲಿ ಸಿದಿಕಿ ಮತ್ತು ಅವರ ಸಂಗಡಿಗ ಜೆಲಿಮಾದಿ ಸಿಸ್ಸೊಕೊ ಮೊದಲಾದವರು ‘ಪ್ರಾಚೀನ ತಂತಿಗಳು’ ಎಂಬ ಅರ್ಥದ ಹೆಸರಿನಲ್ಲಿ ಒಂದು ಎಲ್‌ಪಿ ಮಾಡಿದ್ದರು. ಅದುವರೆಗೆ ಕೊರಾ ಹಾಡಿಗೆ ಪಕ್ಕವಾದ್ಯ. ಮಾತಿಲ್ಲದೆ, ಬರೀ ತಂತಿಗಳನ್ನು ಕೇಳಿಸಿದ್ದು ಆ ರೆಕಾರ್ಡು.

ಆ ಅಪ್ಪಂದಿರ ಮಕ್ಕಳು, ಅಕ್ಕಪಕ್ಕದ ಮನೆಗಳಲ್ಲೇ ಬೆಳೆದ ತುಮಾನಿ ಮತ್ತು ಬಲ್ಲಾಕೆ ಸಿಸ್ಸೊಕೊ, 1997ರ ಸೆಪ್ಟೆಂಬರ್ 22ರ ರಾತ್ರಿ ಬಮಾಕೊದ ಸಮ್ಮೇಳನ ಭವನದ ಅಮೃತಶಿಲೆಯ ಪಡಸಾಲೆಯಲ್ಲಿ ಎದುರುಬದುರು ಕೂತರು. ಅವತ್ತು ಮಾಲಿಯ ಸ್ವಾತಂತ್ರ್ಯ ದಿನ. ಎರಡು ಕೊರಾ, ಕೆಲವು ಮೈಕುಗಳು, ಕಲ್ಲಿನ ಗೋಡೆಯಿಂದ ಹಿಂದಿರುಗಿ ಬರುವ ನಾದ. ಬೇರೆ ಏನೂ ಇಲ್ಲ. 1999ರಲ್ಲಿ ಅದು ‘ನ್ಯೂ ಏನ್ಷಿಯಂಟ್ ಸ್ಟ್ರಿಂಗ್ಸ್’ ಎಂಬ ಹೆಸರಿನಲ್ಲಿ ಬಂತು. ಅಪ್ಪಂದಿರ ರೆಕಾರ್ಡಿನ ಹೆಸರಿಗೇ ‘ಹೊಸ’ ಎಂಬ ಒಂದು ಪದ ಸೇರಿಸಿದ್ದರು. ನಾನು ಕೇಳಿದ ಜುಗಲ್‌ಬಂದಿಗಳಲ್ಲಿ ಇಷ್ಟು ಪೈಪೋಟಿಯಿಲ್ಲದ್ದು ಇನ್ನೊಂದಿಲ್ಲ. ಯಾವ ಸ್ವರ ಯಾರದ್ದೆಂದು ಹತ್ತನೇ ಸಲ ಕೇಳುವಾಗಲೂ ತಿಳಿಯುವುದಿಲ್ಲ. ತಿಳಿಯಬೇಕೆಂಬ ಆಸೆಯೂ ಆಮೇಲೆ ಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಸಂಗೀತ ನಮ್ಮ ಕಿವಿಗೆ ಬಿದ್ದಿರುವುದು ಯಾರೋ ಅದು ಬದುಕಿರುವ ಜಾಗಕ್ಕೇ ಮೈಕು ಹೊತ್ತುಕೊಂಡು ಹೋದದ್ದರಿಂದ. ಕಲಾವಿದರನ್ನು ಲಂಡನ್ ಸ್ಟುಡಿಯೊಗೆ ಕರೆಸಿ, ಹಿಂದೆ ಡ್ರಮ್ ಯಂತ್ರ ಸೇರಿಸಿ ‘ವಿಶ್ವ ಸಂಗೀತ’ದ ಸಕ್ಕರೆಪಾಕ ಹಚ್ಚಿದ ರೆಕಾರ್ಡುಗಳೂ ಆ ಕಾಲದಲ್ಲಿ ಬಂದವು. ಅವುಗಳಿಗೆ ಬೇಗ ವಯಸ್ಸಾಯಿತು. ಉಳಿದುಕೊಂಡದ್ದು ಊರಿನ ಗಾಳಿ ಇರುವ ರೆಕಾರ್ಡುಗಳು.

ಅಲಿ ಫರ್ಕಾ ತುರೆ ಇದಕ್ಕೆ ದೊಡ್ಡ ಸಾಕ್ಷಿ. 1939ರಲ್ಲಿ ಹುಟ್ಟಿದ ಈ ಗಿಟಾರ್ ವಾದಕ ನೈಜರ್ ನದಿ ದಂಡೆಯ ನಿಯಾಫುಂಕೆ ಎಂಬ ಊರಿನ ರೈತ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಅವರು ಮಾಡಿದ ‘ಟಾಕಿಂಗ್ ಟಿಂಬಕ್ಟು’ 1994ರಲ್ಲಿ ಬಂದು ಗ್ರ್ಯಾಮಿ ಗೆದ್ದಿತು. (ಇದೇ ರೈ ಕೂಡರ್ ಅದಕ್ಕೆ ಸ್ವಲ್ಪವೇ ಮೊದಲು ನಮ್ಮ ವಿಶ್ವಮೋಹನ ಭಟ್ಟರ ಮೋಹನ ವೀಣೆಯ ಜೊತೆ ‘ಎ ಮೀಟಿಂಗ್ ಬೈ ದ ರಿವರ್’ ನುಡಿಸಿದ್ದವರು, ಅದಕ್ಕೂ ಗ್ರ್ಯಾಮಿ ಬಂದಿತ್ತು.) ಜಗತ್ತು ಬಾಗಿಲು ತೆರೆದು ಕರೆಯುತ್ತಿದ್ದಾಗ ಅಲಿ ಊರಿಗೆ ಹಿಂದಿರುಗಿ ಬೇಸಾಯಕ್ಕೆ ಕೂತರು. ಮುಂದಿನ ಆಲ್ಬಮ್ಮಿಗೆ ತಾಂತ್ರಿಕ ತಂಡವೇ ನಿಯಾಫುಂಕೆಗೆ ಬರಬೇಕಾಯಿತು. ಪಾಳು ಬಿದ್ದ ಕಟ್ಟಡವೊಂದರಲ್ಲಿ ಜನರೇಟರ್ ಇಟ್ಟು, ಅವರು ಹೊಲದ ಕೆಲಸ ಮುಗಿಸಿ ಬಂದ ಮೇಲಷ್ಟೇ ಧ್ವನಿಮುದ್ರಣ ನಡೆಯುತ್ತಿತ್ತು. ಆಲ್ಬಮ್ಮಿಗೆ ಊರಿನ ಹೆಸರೇ. 2004ರಲ್ಲಿ ಊರಿನವರು ಅವರನ್ನು ಮೇಯರ್ ಮಾಡಿದರು. ಅವರ ನುಡಿಸಾಣಿಕೆ ಅಮೆರಿಕದ ಬ್ಲೂಸ್‌ನಂತಿದೆ ಎಂದವರಿಗೆ ಅಲಿ ಒಪ್ಪುತ್ತಿರಲಿಲ್ಲ. ಬೇರು ಇಲ್ಲಿದೆ, ಕೊಂಬೆ ಅಲ್ಲಿಗೆ ಹೋಗಿದೆ ಎಂಬುದು ಅವರ ವಾದ. ಗುಲಾಮರ ಹಡಗುಗಳ ಇತಿಹಾಸ ಬಲ್ಲವರು ಆ ವಾದವನ್ನು ತಳ್ಳಿಹಾಕಲಾರರು.

ಈ ಲೇಖನದಿಂದ ಒಂದೇ ಒಂದು ಆಲ್ಬಮ್ ಕೇಳುತ್ತೇನೆ ಎನ್ನುವವರಿಗೆ ನನ್ನ ಆಯ್ಕೆ ‘ಇನ್ ದ ಹಾರ್ಟ್ ಆಫ್ ದ ಮೂನ್’. ಬಮಾಕೊದಲ್ಲಿ ನೈಜರ್ ನದಿಯನ್ನು ನೋಡುತ್ತ ನಿಂತಿರುವ ಹೋಟೆಲ್ ಮಾಂಡೆಯಲ್ಲಿ ಅಲಿ ಗಿಟಾರು ಹಿಡಿದರು, ತುಮಾನಿ ಕೊರಾ. ಅಲಿ ಉತ್ತರದ ಮರುಭೂಮಿಯ ಅಂಚಿನವರು, ತುಮಾನಿ ದಕ್ಷಿಣದ ಮಾಂಡೆ ಪರಂಪರೆಯವರು. ಭಾಷೆ ಬೇರೆ, ಸಂಗೀತದ ವ್ಯಾಕರಣ ಬೇರೆ. ತಾಲೀಮು ಮಾಡಲಿಲ್ಲ. ಒಂದು ಬೈಠಕ್ಕಿಗೆ ಎರಡು ಗಂಟೆಯಂತೆ ಮೂರೇ ಬೈಠಕ್. ಅಲಿಯವರ ಗಿಟಾರು ನಾಲ್ಕಾರು ಸ್ವರಗಳನ್ನು ನೆಲದಂತೆ ಹಾಸುತ್ತದೆ, ಕದಲುವುದಿಲ್ಲ. ಆ ನೆಲದ ಮೇಲೆ ಕೊರಾ ಓಡುತ್ತದೆ, ನಿಲ್ಲುತ್ತದೆ, ಹಿಂದಿರುಗಿ ನೋಡುತ್ತದೆ. ಹಿರಿಯನೊಬ್ಬ ಕಿರಿಯನಿಗೆ ಜಾಗ ಬಿಟ್ಟುಕೊಡುವ ಬಗೆ ಹೇಗಿರುತ್ತದೆ ಎಂಬುದು ಇಲ್ಲಿ ಕಿವಿಗೆ ಕೇಳುತ್ತದೆ. 2005ರಲ್ಲಿ ಬಂದ ಆಲ್ಬಮ್ಮಿಗೆ ಮರುವರ್ಷ ಗ್ರ್ಯಾಮಿ ಬಂತು. ಅದೇ ವರ್ಷ ಮಾರ್ಚಿನಲ್ಲಿ ಅಲಿ ತೀರಿಕೊಂಡರು. ಅದಕ್ಕೂ ಮೊದಲು ಇಬ್ಬರೂ ಇನ್ನೊಮ್ಮೆ ಕೂತು ನುಡಿಸಿದ್ದು 2010ರಲ್ಲಿ ‘ಅಲಿ ಅಂಡ್ ತುಮಾನಿ’ ಎಂದು ಹೊರಬಂತು. ತುಮಾನಿ 2024ರ ಜುಲೈ 19ರಂದು, ಅರವತ್ತು ತುಂಬುವ ಮೊದಲೇ ಹೋದರು. ಬಲ್ಲಾಕೆ ಈಗಲೂ ನುಡಿಸುತ್ತಿದ್ದಾರೆ. ಫ್ರೆಂಚ್ ಚೆಲ್ಲೊ ವಾದಕ ವೆನ್ಸಾನ್ ಸೆಗಾಲ್ ಜೊತೆ ಅವರು ಮಾಡಿದ ‘ಚೇಂಬರ್ ಮ್ಯೂಸಿಕ್’ (2009) ನನಗೆ ಬಹಳ ಪ್ರಿಯ.

ಇಷ್ಟನ್ನೂ ಕೇಳಿ ಇದು ನೆಮ್ಮದಿಯ ನಾಡಿನ ಸಂಗೀತ ಎಂದುಕೊಳ್ಳಬಾರದು. 2012ರಲ್ಲಿ ಸಶಸ್ತ್ರ ಉಗ್ರಗಾಮಿ ಗುಂಪುಗಳು ಉತ್ತರ ಮಾಲಿಯ ಟಿಂಬಕ್ಟು, ಗಾವೊ, ಕಿದಾಲ್ ಪಟ್ಟಣಗಳನ್ನು ಹಿಡಿದವು. ಸಂಗೀತ ನಿಷೇಧವಾಯಿತು. ವಾದ್ಯಗಳನ್ನು ಸುಟ್ಟರು. ಮೊಬೈಲಿನ ರಿಂಗ್‌ಟೋನಿಗೂ ಹಾಡು ಇರುವಂತಿರಲಿಲ್ಲ. 2001ರಿಂದ ಮರಳ ದಿಬ್ಬಗಳ ನಡುವೆ ನಡೆದು ಬಂದಿದ್ದ ಮರುಭೂಮಿ ಸಂಗೀತೋತ್ಸವ 2012ರ ಜನವರಿಯ ನಂತರ ಆ ನೆಲದಲ್ಲಿ ನಡೆದಿಲ್ಲ. ಟಿಂಬಕ್ಟುವಿನ ಗಾಯಕಿ ಖೈರಾ ಅರ್ಬಿ ಊರು ಬಿಟ್ಟು ಬಮಾಕೊ ಸೇರಿದರು. ಹಾಗೆಯೇ ಉತ್ತರದಿಂದ ಓಡಿಬಂದ ಯುವಕರು ಬಮಾಕೊದಲ್ಲಿ ಕಟ್ಟಿದ ತಂಡ ಸೊಂಗೊಯ್ ಬ್ಲೂಸ್. ಅದರ ಗಿಟಾರ್ ವಾದಕ ಗರ್ಬಾ ತುರೆಯ ತಂದೆ ಅಲಿ ಫರ್ಕಾ ತುರೆಯವರ ತಂಡದಲ್ಲಿ ತಾಳವಾದ್ಯ ನುಡಿಸುತ್ತಿದ್ದವರು. 2015ರ ಅವರ ಮೊದಲ ಆಲ್ಬಮ್ಮಿನ ಹೆಸರು ‘ಮ್ಯೂಸಿಕ್ ಇನ್ ಎಕ್ಸೈಲ್’. ಗಡಿಪಾರಾದವರ ಹಾಡು ಗೋಳಾಗಿರುತ್ತದೆ ಎಂದುಕೊಂಡು ಹಚ್ಚಿದರೆ ಕಾಲು ನಿಲ್ಲುವುದಿಲ್ಲ, ಅಷ್ಟು ಬಿರುಸು.

ನಿಷೇಧದ ಆ ದಿನಗಳಲ್ಲಿ ಬಮಾಕೊದ ಕಲಾವಿದರನ್ನು ಒಗ್ಗೂಡಿಸಿದ ಗಾಯಕಿ ಫಾತುಮಾತ ಜವಾರ. ಶಾಂತಿಗಾಗಿ ಮಾಲಿಯ ಹಿರಿ-ಕಿರಿಯ ಗಾಯಕರೆಲ್ಲ ಸೇರಿ ಹಾಡಿದ ಹಾಡೊಂದು ಅವರ ಮುಂದಾಳತ್ವದಲ್ಲಿ 2013ರ ಜನವರಿಯಲ್ಲಿ ಬಂತು. ಮರುವರ್ಷ ಬಂದ ಅಬ್ದೆರಹ್ಮಾನ್ ಸಿಸ್ಸಾಕೊ ಅವರ ‘ಟಿಂಬಕ್ಟು’ ಸಿನಿಮಾದಲ್ಲಿ, ಹಾಡಿದ ತಪ್ಪಿಗೆ ಛಡಿಯೇಟು ತಿನ್ನುತ್ತಲೇ ಹಾಡುವ ಹೆಂಗಸಾಗಿ ನಟಿಸಿದವರೂ ಅವರೇ. ಆ ದೃಶ್ಯ ನೋಡಿದ ಮೇಲೆ ‘ಫಾತು’ (2011) ಆಲ್ಬಮ್ಮಿನ ಮೃದು ದನಿ ಬೇರೆಯೇ ಆಗಿ ಕೇಳುತ್ತದೆ.

ಹೆಂಗಸರ ದನಿಯ ಮಾತು ಬಂದಮೇಲೆ ಊಮು ಸಂಗಾರೆಯನ್ನು ಬಿಟ್ಟು ಮುಂದೆ ಹೋಗಲಾಗದು. ಅಪ್ಪ ಮತ್ತೊಬ್ಬ ಹೆಂಡತಿಯೊಂದಿಗೆ ಹೊರಟುಹೋದ ಮನೆಯಲ್ಲಿ, ತಾಯಿಗೆ ನೆರವಾಗಲು ಬೀದಿಯಲ್ಲಿ ಹಾಡುತ್ತ ಬೆಳೆದವರು ಅವರು. ಇಪ್ಪತ್ತೊಂದರ ಆಸುಪಾಸಿನಲ್ಲಿ ಮಾಡಿದ ಮೊದಲ ಕ್ಯಾಸೆಟ್ಟಿನ ಹೆಸರು ‘ಮುಸೊಲು’, ಎಂದರೆ ಹೆಂಗಸರು. ಬಹುಪತ್ನಿತ್ವ, ಒಲ್ಲದ ಮದುವೆ, ಹೆಣ್ಣಿನ ಬಯಕೆ ಇವನ್ನೆಲ್ಲ ತೆರೆದ ಗಂಟಲಲ್ಲಿ ಹಾಡಿದರು. ಅವರದು ಜೆಲಿ ಕುಲದ ಹೊಗಳಿಕೆಯ ಹಾಡಲ್ಲ. ದಕ್ಷಿಣದ ವಾಸುಲು ಸೀಮೆಯ ಬೇಟೆಗಾರರ ಲಯದಿಂದ ಬಂದದ್ದು. ಬಿಯಾನ್ಸೆ 2019ರಲ್ಲಿ ಆ ದನಿಯ ತುಣುಕೊಂದನ್ನು ತನ್ನ ಹಾಡಿನಲ್ಲಿ ಬಳಸಿಕೊಂಡಾಗ ಹೊಸ ತಲೆಮಾರು ಹಳೆಯ ಕ್ಯಾಸೆಟ್ಟಿನತ್ತ ತಿರುಗಿತು.

ಕ್ಯಾಸೆಟ್ಟಿನ ಜಾಗಕ್ಕೆ ಆಮೇಲೆ ಬಂದದ್ದು ಮೊಬೈಲಿನ ಮೆಮೊರಿ ಕಾರ್ಡ್. ನೈಜರ್ ದೇಶದ ಎಮ್ದು ಮೊಕ್ತಾರ್ ಎಡಗೈಯಲ್ಲಿ ನುಡಿಸುವ ತುವಾರೆಗ್ ಗಿಟಾರ್ ವಾದಕ. ಮನೆಯಲ್ಲಿ ಗಿಟಾರು ಕೊಡಿಸುವವರಿಲ್ಲದೆ ಅವರೂ ಮರದ ಹಲಗೆಗೆ ಸೈಕಲ್ ಬ್ರೇಕಿನ ತಂತಿ ಕಟ್ಟಿಕೊಂಡೇ ಕಲಿತರು. ಇಬ್ರಾಹಿಂ ಅವರ ಡಬ್ಬಿ ಗಿಟಾರಿಗೂ ಇದಕ್ಕೂ ನಡುವೆ ಒಂದು ತಲೆಮಾರಿನ ಅಂತರ. ಬದಲಾಗದೆ ಉಳಿದದ್ದು ಆ ತಂತಿ. 2008ರಲ್ಲಿ ನೈಜೀರಿಯಾದ ಸೊಕೊಟೊದಲ್ಲಿ ಮಾಡಿದ ಅವರ ಮೊದಲ ಧ್ವನಿಮುದ್ರಣ ಅಂಗಡಿಗೆ ಬರಲಿಲ್ಲ. ಬ್ಲೂಟೂತಿನಲ್ಲಿ ಫೋನಿಂದ ಫೋನಿಗೆ ಹಾರುತ್ತ ಸಹಾರಾದ ದಕ್ಷಿಣ ಅಂಚಿನ ಇಡೀ ಸಾಹೇಲ್ ಪ್ರದೇಶ ಸುತ್ತಿತು. ಅಮೆರಿಕದ ಕ್ರಿಸ್ಟೋಫರ್ ಕರ್ಕ್ಲಿ ಆ ಊರುಗಳಲ್ಲಿ ಅಲೆದು, ಫೋನುಗಳಲ್ಲಿದ್ದ ಹಾಡುಗಳನ್ನು ಕಲೆಹಾಕಿ, ಹಾಡಿದವರನ್ನು ಹುಡುಕಿ, 2011ರಲ್ಲಿ ಒಂದು ಸಂಕಲನ ತಂದರು. ಎಮ್ದು ಹೊರಜಗತ್ತಿಗೆ ತಿಳಿದದ್ದು ಹಾಗೆ. ಮುಂದೆ ಅವರಿಬ್ಬರೂ ಸೇರಿ, ಅಮೆರಿಕದ ಗಾಯಕ ಪ್ರಿನ್ಸ್‌ನ ‘ಪರ್ಪಲ್ ರೇನ್’ ಸಿನಿಮಾದ ಜಾಡಿನಲ್ಲಿ ಅಗದೇಜ್ ಪಟ್ಟಣದಲ್ಲೇ ಒಂದು ಚಿತ್ರ ಮಾಡಿದರು. ತಮಾಶೆಕ್ ಭಾಷೆಯಲ್ಲಿ ನೇರಳೆ ಬಣ್ಣಕ್ಕೆ ಪದವಿಲ್ಲ. ಹಾಗಾಗಿ ಚಿತ್ರದ ಹೆಸರು ‘ತುಸು ಕೆಂಪು ಬೆರೆತ ನೀಲಿ ಬಣ್ಣದ ಮಳೆ’ ಎಂದಾಯಿತು.

ಎಮ್ದು ಅವರ ‘ಆಫ್ರಿಕ್ ವಿಕ್ಟೀಮ್’ (2021) ಮತ್ತು ‘ಫ್ಯೂನರಲ್ ಫಾರ್ ಜಸ್ಟಿಸ್’ (2024) ಎರಡೂ ಸಿಟ್ಟಿನ ಆಲ್ಬಮ್ಮುಗಳು. ವಸಾಹತು ಕಾಲದ ಲೂಟಿ, ಕುರ್ಚಿಗೆ ಅಂಟಿದ ನಾಯಕರು, ಮರೆಯಾಗುತ್ತಿರುವ ಭಾಷೆ. 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ತಂಡ ಅಮೆರಿಕ ಪ್ರವಾಸದಲ್ಲಿತ್ತು; ಮನೆಗೆ ಹಿಂದಿರುಗುವ ದಾರಿ ಕೆಲಕಾಲ ಮುಚ್ಚಿಹೋಯಿತು. ತುವಾರೆಗರಲ್ಲಿ ಅಸ್ಸೂಫ್ ಎಂಬ ಪದವಿದೆ. ಒಂಟಿತನ, ಹಂಬಲ, ಬಿಟ್ಟು ಬಂದ ಜಾಗದ ನೆನಪು ಮೂರೂ ಒಂದರಲ್ಲೇ. ತಮ್ಮ ಸಂಗೀತವನ್ನೂ ಅವರು ಅದೇ ಹೆಸರಿನಿಂದ ಕರೆಯುತ್ತಾರೆ.

ನೆಲ ಬಿಟ್ಟು ಹೋದವರ ಮಕ್ಕಳು ಏನು ಮಾಡುತ್ತಿದ್ದಾರೆ ಎನ್ನುವುದಕ್ಕೆ ಇಬ್ಬರು ಹೆಣ್ಣುಮಕ್ಕಳನ್ನು ಹೆಸರಿಸುತ್ತೇನೆ. ಸೋನಾ ಜೊಬಾರ್ತೆ 1983ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಜೊಬಾರ್ತೆ ಎಂದರೆ ಜಬಾತೆಯೇ, ಗ್ಯಾಂಬಿಯಾದಲ್ಲಿ ಉಚ್ಚಾರ ಹಾಗೆ. ತುಮಾನಿ ಅವರಿಗೆ ದಾಯಾದಿ ಬಂಧು. ಜೆಲಿ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದರು, ಕೊರಾ ಗಂಡಸರ ಪಾಲು. ಸೋನಾ ಆ ಗೆರೆ ದಾಟಿ ವೃತ್ತಿಪರ ಕೊರಾ ವಾದಕಿಯಾಗಿ ಜಗತ್ತಿಗೆ ಪರಿಚಿತರಾದರು. ‘ಫಾಸಿಯಾ’ (2011) ಕೇಳಿ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಪಾಶ್ಚಾತ್ಯ ಸಂಗೀತ ಕಲಿತ ಅವರು ಗ್ಯಾಂಬಿಯಾಕ್ಕೆ ಹೋಗಿ ಕಟ್ಟಿದ್ದು ಒಂದು ಶಾಲೆ. ಮಾಮೂಲು ಪಾಠಗಳ ಜೊತೆ ಅಲ್ಲಿನ ಮಕ್ಕಳು ತಮ್ಮದೇ ಸಂಗೀತವನ್ನೂ ಇತಿಹಾಸವನ್ನೂ ಕಲಿಯುತ್ತಾರೆ.

ಇನ್ನೊಬ್ಬರು ಅಮೆರಿಕದ ನಾರ್ತ್ ಕೆರೊಲಿನಾದ ರಿಯಾನನ್ ಗಿಡನ್ಸ್. ಬ್ಯಾಂಜೊ ಎಂದರೆ ಬಿಳಿಯರ ಹಳ್ಳಿಗಾಡಿನ ವಾದ್ಯ ಎಂದು ಜಗತ್ತು ನಂಬಿತ್ತು. ಅದು ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ತಮ್ಮ ಎನ್‌ಗೊನಿ, ಅಕೊಂಟಿಂಗ್ ತಂತಿವಾದ್ಯಗಳ ನೆನಪಿನಲ್ಲಿ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡದ್ದು. ಗಿಡನ್ಸ್ ಮತ್ತು ಗೆಳೆಯರು ಜೋ ಥಾಮ್ಸನ್ ಎಂಬ ಕಪ್ಪು ಜನಾಂಗದ ವೃದ್ಧ ಪಿಟೀಲು ವಾದಕರ ಮನೆಗೆ ಹೋಗಿ ಕೂತು, ಅವರಲ್ಲಿ ಉಳಿದಿದ್ದ ಹಳೆಯ ಮಟ್ಟುಗಳನ್ನು ಕಲಿತರು. ಆ ಪಾಠಗಳಿಂದ ಬಂದ ಆಲ್ಬಮ್ಮಿಗೆ 2011ರಲ್ಲಿ ಗ್ರ್ಯಾಮಿ ಬಂತು. ಮರುವರ್ಷ ಆ ಹಿರಿಯರು ತೀರಿಕೊಂಡರು. ಸೆನೆಗಲ್ ಸೀಮೆಯಿಂದ 1807ರಲ್ಲಿ ಗುಲಾಮನಾಗಿ ಬಂದು ಅರಬ್ಬಿಯಲ್ಲಿ ಆತ್ಮಕಥೆ ಬರೆದ ಒಮರ್ ಇಬ್ನ್ ಸೈದ್ ಬಗ್ಗೆ ಗಿಡನ್ಸ್ ಮೈಕೆಲ್ ಏಬಲ್ಸ್ ಜೊತೆ ಸೇರಿ ರಚಿಸಿದ ‘ಒಮರ್’ ಒಪೆರಾಕ್ಕೆ 2023ರ ಪುಲಿಟ್ಜರ್ ಸಂದಿತು.

ಆಫ್ರಿಕಾದಿಂದ ಹಡಗುಗಳು ಪಶ್ಚಿಮಕ್ಕಷ್ಟೇ ಹೋಗಲಿಲ್ಲ. ಪೋರ್ಚುಗೀಸರು ಗೋವೆಗೂ ಗುಲಾಮರನ್ನು ತಂದರು. ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಸಂತತಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಸಿದ್ದಿಯರು. ಅವರ ಮೂಲ ಮಾಲಿಯ ಕಡೆಯದಲ್ಲ, ಪೂರ್ವ ಆಫ್ರಿಕಾದ ಬಂಟು ಭಾಷಿಕ ಜನರ ಕಡೆಯದು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಮರ ಕೊರೆದು ಚರ್ಮ ಬಿಗಿದ ಡಮಾಮಿಯ ಸುತ್ತ ಅವರ ಹಾಡು-ಕುಣಿತ ಬೆಳೆದಿದೆ. ರಂಗಕಲಾವಿದೆ, ಗಾಯಕಿ ಗಿರಿಜಾ ಸಿದ್ದಿ ಅಂಥವರು ಆ ದನಿಯನ್ನು ವೇದಿಕೆಗೆ ತಂದಿದ್ದಾರೆ. ಆದರೆ ನಮ್ಮಲ್ಲಿ ಡಮಾಮಿ ಹೆಚ್ಚಾಗಿ ಕಾಣಿಸುವುದು ಉತ್ಸವದ ಮೆರವಣಿಗೆಯಲ್ಲಿ, ಹತ್ತು ನಿಮಿಷ, ಬೇರೆ ತಂಡಗಳ ಗದ್ದಲದ ನಡುವೆ. ಅದನ್ನು ಸಂಗೀತವೆಂದು ಕೂತು ಕೇಳಿದವರು ಎಷ್ಟು ಮಂದಿ?

1970ರಲ್ಲಿ ತುಮಾನಿ, ಬಲ್ಲಾಕೆಯವರ ಅಪ್ಪಂದಿರ ಕೊರಾವನ್ನು ಯಾರೋ ಶ್ರದ್ಧೆಯಿಂದ ಮುದ್ರಿಸಿದ್ದರು. ಹಾಗಾಗಿ 1997ರಲ್ಲಿ ಮಕ್ಕಳಿಗೆ ಉತ್ತರ ಕೊಡಲು ಒಂದು ಪ್ರಶ್ನೆ ಇತ್ತು. ಜೋ ಥಾಮ್ಸನ್ ಬದುಕಿರುವಾಗಲೇ ಯಾರೋ ಅವರ ಮನೆಯ ಬಾಗಿಲು ತಟ್ಟಿದರು. ನಮ್ಮ ಜಾನಪದ ವಿಶ್ವವಿದ್ಯಾಲಯ, ಅಕಾಡೆಮಿಗಳು, ಆಕಾಶವಾಣಿ ಕೇಂದ್ರಗಳು ಒಂದು ಮಳೆಗಾಲ ಕಳೆದ ಮೇಲೆ ಯಲ್ಲಾಪುರದ ಕಡೆ ಒಳ್ಳೆಯ ಮೈಕು ಹೊತ್ತು ಹೋಗಲಿ. ಸಿದ್ದಿ ಅಜ್ಜಿಯರ ಅಂಗಳದಲ್ಲೇ, ಅವರಿಗೆ ಬಿಡುವಾದ ಹೊತ್ತಿನಲ್ಲಿ, ಅವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು, ಹಾಡಿದವರ ಹೆಸರು ಮೊದಲ ಸಾಲಿನಲ್ಲಿ ಬರೆದು ಮುದ್ರಿಸಲಿ. ಅಷ್ಟರಲ್ಲಿ ಓದುಗರು ಒಂದು ರಾತ್ರಿ ದೀಪ ಆರಿಸಿ ಅಲಿ ಮತ್ತು ತುಮಾನಿಯವರನ್ನು ಮೊದಲಿಂದ ಕೊನೆಯವರೆಗೆ ಕೇಳಲಿ ಎಂದು ಕೇಳಿಕೊಳ್ಳುತ್ತೇನೆ.